ಎಲೆ ಬಿದ್ದರೆ ಸಾಲದು, ಗಿರಾಕಿಯೂ ಬೇಕು!

ದನಗಳ ಜಾತ್ರೆಗೆ ಹೋದವರಿಗೆಲ್ಲ ಗೊತ್ತಿರುವ ನೋಟ ಇದು. ಎತ್ತಿನ ಜೋಡಿಯ ಮುಂದೆ ಇಬ್ಬರು ಎದುರುಬದುರು ನಿಂತಿರುತ್ತಾರೆ. ಹೆಗಲ ಮೇಲಿನ ಟವೆಲ್ಲು ಇಳಿದು ಇಬ್ಬರ ಕೈಗಳನ್ನೂ ಮುಚ್ಚುತ್ತದೆ. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹೊರಗೆ ಮುಖದಲ್ಲಿ ಮಾತ್ರ ಏನೂ ಇಲ್ಲ. ಸುತ್ತ ನಿಂತ ಹತ್ತು ಜನಕ್ಕೆ ರೇಟು ಎಷ್ಟಾಯಿತು ಅನ್ನೋದೇ ತಿಳಿಯುವುದಿಲ್ಲ.

ಎತ್ತು ಚೆನ್ನಾಗಿದೆ ಅನ್ನೋದು ಎಲ್ಲರಿಗೂ ಕಾಣುತ್ತದೆ. ಕೊಂಬು, ಹಲ್ಲು, ಸುಳಿ ಎಲ್ಲ ಸರಿ. ಆದರೆ ಒಳ್ಳೆ ಎತ್ತು ಕೈಲಿದ್ದ ಮಾತ್ರಕ್ಕೆ ಒಳ್ಳೆ ದುಡ್ಡು ಬರುತ್ತದೆಯೇ? ಬರುವುದಿಲ್ಲ. ಎದುರಿಗಿರುವವನ ಸೊಂಟದ ಚೀಲದಲ್ಲಿ ಎಷ್ಟಿದೆ, ಅವನಿಗೆ ಎತ್ತು ಎಷ್ಟು ಬೇಕಾಗಿದೆ, ಯಾವ ಮಾತಿಗೆ ತಲೆ ಅಲ್ಲಾಡಿಸುತ್ತಾನೆ, ಯಾವ ಮಾತಿಗೆ ಎದ್ದು ಹೋಗುತ್ತಾನೆ ಎಂಬುದನ್ನೆಲ್ಲ ಟವೆಲ್ಲಿನ ಕೆಳಗಿನ ಬೆರಳು ತಿಳಿಯಬೇಕು. ಎತ್ತಿನ ಬೆಲೆ ಇರೋದು ಎತ್ತಿನಲ್ಲಲ್ಲ, ಕೊಳ್ಳುವವನ ಮನಸ್ಸಿನಲ್ಲಿ.

ಇಸ್ಪೀಟಿನ ಮಾತಿಗೆ ಇಷ್ಟು ಪೀಠಿಕೆ ಬೇಕಾಗಿತ್ತು. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಸೆಲೂನಿನ ಬೆಂಚಿನಲ್ಲಿ ಆಟದಲ್ಲಿ ಸೋತವರ ಬಾಯಲ್ಲಿ ಬರೋದು ಒಂದೇ ಮಾತು. "ನಂಗೆ ಎಲೇನೇ ಬೀಳಲ್ಲ ಕಣೋ!" ಇದು ಶುದ್ಧ ಸುಳ್ಳು. ಎಲೆಗೆ ಕಣ್ಣಿಲ್ಲ, ಜಾತಿ ಇಲ್ಲ, ಸಾಲಗಾರ ಸಾಹುಕಾರ ಎಂಬ ಭೇದವೂ ಇಲ್ಲ. ಸಾವಿರಾರು ಕೈ ಆಡಿದರೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಲೆಕ್ಕದಲ್ಲಿ ಎಕ್ಕ ಬೀಳುತ್ತದೆ, ಒಂದೇ ಲೆಕ್ಕದಲ್ಲಿ ದುರಿ ತಿರಿ ಬೀಳುತ್ತದೆ. ವ್ಯತ್ಯಾಸ ಇರೋದು ಒಂದೇ ಕಡೆ. ಒಳ್ಳೆ ಎಲೆ ಬಿದ್ದಾಗ ಯಾರು ಎಷ್ಟು ವಸೂಲಿ ಮಾಡಿದರು, ಕೆಟ್ಟ ಎಲೆ ಬಿದ್ದಾಗ ಯಾರು ಎಷ್ಟು ತೆತ್ತರು ಎಂಬುದರಲ್ಲಿ. ಪೋಕರ್ ಎಂಬ ಆಟದ ಇಡೀ ಪುರಾಣ ಇಷ್ಟೇ.

ಆಟ ಏನು?

ಮೂರೆಲೆ ಆಡಿದವರಿಗೆ ಇದು ಕಷ್ಟವೇನಲ್ಲ. ಈಗ ಲೋಕದಲ್ಲೆಲ್ಲ ಹೆಚ್ಚು ಚಾಲ್ತಿಯಲ್ಲಿರುವುದು 'ಟೆಕ್ಸಾಸ್ ಹೋಲ್ಡೆಮ್' ಎಂಬ ಪೋಕರ್. 52 ಎಲೆ. ಒಬ್ಬೊಬ್ಬನಿಗೆ ಎರಡೆರಡು ಎಲೆ ಗುಟ್ಟಾಗಿ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಹಿರಂಗವಾಗಿ. ಆ ಐದು ಒಟ್ಟಿಗೆ ಬರುವುದಿಲ್ಲ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವನು ದೊಡ್ಡವನು.

ಪ್ರತಿ ಹಂತದಲ್ಲೂ ಬಾಜಿ. ಕಟ್ಟಬಹುದು, ಕಟ್ಟಿದವನಿಗೆ ಸರಿಗಟ್ಟಬಹುದು, ಏರಿಸಬಹುದು, ಇಲ್ಲ ಪ್ಯಾಕ್ ಮಾಡಿ ಏಳಬಹುದು. ಯಾರೂ ಕಟ್ಟದಿದ್ದರೆ 'ಚೆಕ್' ಅಂತ ಮೇಜು ತಟ್ಟಿ ಸುಮ್ಮನಿರಬಹುದು. 'ನೋ ಲಿಮಿಟ್' ಅಂದರೆ ಬಾಜಿಗೆ ಮೇಲ್ಮಿತಿಯೇ ಇಲ್ಲ. ಎದುರಿಗೆ ಇಟ್ಟುಕೊಂಡಿರುವ ಪೂರಾ ದುಡ್ಡನ್ನು ಯಾವ ಗಳಿಗೆಯಲ್ಲಾದರೂ ಮುಂದಕ್ಕೆ ತಳ್ಳಬಹುದು. ಹತ್ತು ಗಂಟೆ ಕೂತು ಕೂಡಿಸಿದ್ದು ಹತ್ತು ಸೆಕೆಂಡಿನಲ್ಲಿ ಹೋಗುವುದು ಇಲ್ಲಿಯೇ.

1988, ಲಾಸ್ ವೇಗಾಸ್

ಈ ವಸೂಲಿ ವಿದ್ಯೆಗೆ ಜಗತ್ತೇ ತೋರಿಸುವ ಉದಾಹರಣೆ ಒಂದಿದೆ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಬೆನ್ನಿ ಬಿನಿಯನ್ ಎಂಬವನ 'ಹಾರ್ಸ್ ಷೂ' ಕ್ಯಾಸಿನೊದಲ್ಲಿ 1970ರಿಂದ ಪೋಕರ್ ವಿಶ್ವ ಸರಣಿ ನಡೆಯುತ್ತಿತ್ತು. 1988ರ ಮುಖ್ಯ ಪಂದ್ಯಕ್ಕೆ ಪ್ರವೇಶ ಶುಲ್ಕ ತಲೆಗೆ 10,000 ಡಾಲರ್. ಕೂತವರು 167 ಮಂದಿ. ಲೆಕ್ಕ ಹಾಕಿದರೆ ಒಟ್ಟು 16,70,000 ಡಾಲರ್. ಗೆದ್ದವನಿಗೆ 7,00,000. ಎರಡನೆಯವನಿಗೆ 2,80,000.

ಕೊನೆಗೆ ಉಳಿದವರು ಇಬ್ಬರು. ಒಬ್ಬ ಜಾನಿ ಚಾನ್. ಹುಟ್ಟಿದ್ದು ಚೀನಾದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಹಿಂದಿನ ವರ್ಷ, 1987ರಲ್ಲಿ, ಇದೇ ಪಂದ್ಯ ಗೆದ್ದಿದ್ದವನು. ಇನ್ನೊಬ್ಬ ಎರಿಕ್ ಸೀಡೆಲ್. ನ್ಯೂಯಾರ್ಕಿನವನು, ಷೇರುಪೇಟೆಯಲ್ಲಿ ದುಡಿದವನು, ಬ್ಯಾಕ್‌ಗ್ಯಾಮನ್ ಆಟದಲ್ಲಿ ಪಳಗಿದವನು. ಚಾನ್ ಎದುರು ಆತ ಹೊಸಬ.

ಕೊನೆಯ ಕೈ. ಚಾನ್ ಕೈಲಿ ಕಳಾವರ್ ಗುಲಾಮ, ಕಳಾವರ್ ಒಂಬತ್ತು. ಸೀಡೆಲ್ ಕೈಲಿ ಒಂದು ರಾಣಿ, ಒಂದು ಏಳು. ಮೇಜಿನ ಮೇಲೆ ಬಿದ್ದ ಮೊದಲ ಮೂರು ಎಲೆ ರಾಣಿ, ಹತ್ತು, ಎಂಟು.

ಈಗ ನೋಡಿ. ಎಂಟು, ಒಂಬತ್ತು, ಹತ್ತು, ಗುಲಾಮ, ರಾಣಿ. ಚಾನ್‌ಗೆ ಪೂರಾ ಸೀಕ್ವೆನ್ಸ್ ಕೂಡಿ ಬಂದಿದೆ. ಆ ಮೂರು ಎಲೆಗೆ ಅದಕ್ಕಿಂತ ದೊಡ್ಡದು ಆ ಗಳಿಗೆಯಲ್ಲಿ ಯಾರಿಗೂ ಇರಲು ಸಾಧ್ಯವೇ ಇಲ್ಲ. ಇತ್ತ ಸೀಡೆಲ್‌ಗೂ ರಾಣಿಯ ಜೋಡಿ ಸಿಕ್ಕಿದೆ. ಇಬ್ಬರೇ ಆಡುವಾಗ ಅದೇನು ಸಣ್ಣದಲ್ಲ.

ಸೀಡೆಲ್ ಮೊದಲು ಸುಮ್ಮನಿದ್ದ. ಚಾನ್ ಬಾಜಿ ಕಟ್ಟಿದ. ಸೀಡೆಲ್ ಏರಿಸಿದ. ನಮ್ಮೂರ ಆಟಗಾರನಾಗಿದ್ದರೆ ಅಲ್ಲಿಯೇ ಎದ್ದು ನಿಂತು ಪೂರಾ ದುಡ್ಡು ತಳ್ಳುತ್ತಿದ್ದ. ಚಾನ್ ಹಾಗೆ ಮಾಡಲಿಲ್ಲ. ಏರಿಸಿದಷ್ಟಕ್ಕೆ ಸರಿಗಟ್ಟಿ ಸುಮ್ಮನಾದ. ನಾಲ್ಕನೇ ಎಲೆ ಎರಡು. ಯಾರಿಗೂ ಉಪಯೋಗವಿಲ್ಲದ್ದು. ಸೀಡೆಲ್ ಚೆಕ್. ಚಾನ್ ಕೂಡ ಚೆಕ್! ಕೈಲಿ ಸೋಲದ ಎಲೆ ಹಿಡಿದುಕೊಂಡು ಒಂದು ಕಾಸೂ ಕಟ್ಟಲಿಲ್ಲ. ಐದನೇ ಎಲೆ ಆರು. ಸೀಡೆಲ್ ಲೆಕ್ಕ ಹಾಕಿದ. ಇವನ ಕೈಲಿ ಏನೋ ಇದ್ದಿದ್ದರೆ ಕಟ್ಟುತ್ತಿದ್ದ. ಕಟ್ಟಲಿಲ್ಲ. ಅಂದರೆ ಏನೂ ಇಲ್ಲ. ಇದ್ದಬದ್ದ ಪೂರಾ ದುಡ್ಡನ್ನು ಮುಂದಕ್ಕೆ ತಳ್ಳಿದ.

ಚಾನ್ ಎಲೆ ಬಿಚ್ಚಿದ. ಆಟ ಮುಗಿಯಿತು.

ಹತ್ತು ವರ್ಷದ ಮೇಲೆ, 1998ರಲ್ಲಿ, 'ರೌಂಡರ್ಸ್' ಎಂಬ ಹಾಲಿವುಡ್ ಚಿತ್ರದಲ್ಲಿ ಈ ಕೈಯ ದೃಶ್ಯವನ್ನೇ ತೋರಿಸಿದರು. ಆಮೇಲೆ ಲೋಕದ ತುಂಬ ಹುಡುಗರಿಗೆ ಚಾನ್ ದೇವರಾದ. ಎಲ್ಲರೂ ಕಲಿತ ಪಾಠ ಒಂದೇ. ದೊಡ್ಡ ಎಲೆ ಬಿದ್ದರೆ ಸುಮ್ಮನಿರು, ಎದುರಾಳಿ ಬಂದು ಬಲೆಗೆ ಬೀಳುತ್ತಾನೆ. ಇದು ಅರ್ಧ ಪಾಠ. ಅರ್ಧ ಕಲಿತವರೇ ಹೆಚ್ಚು ದುಡ್ಡು ಕಳೆದುಕೊಂಡದ್ದು.

ಸುಮ್ಮನಿದ್ದರೆ ನಷ್ಟ ಎಷ್ಟು?

ಚಾನ್ ಸುಮ್ಮನಿದ್ದದ್ದಕ್ಕೆ ಕಾರಣ ಇತ್ತು. ಎದುರಿದ್ದವನು ಒಬ್ಬನೇ. ಅವನೇ ಏರಿಸಿ ಉಮೇದು ತೋರಿಸಿದ್ದ. ಮುಂದೆ ಬರುವ ಎಲೆಯಿಂದ ಚಾನ್ ಕೆಡುವ ಸಂಭವ ತೀರಾ ಕಡಿಮೆ. ಹೀಗೆ ಮೂರೂ ಕೂಡಿ ಬಂದಾಗ ಮಾತ್ರ ಮೌನಕ್ಕೆ ಬೆಲೆ. ಉಳಿದ ದಿನಗಳಲ್ಲಿ ಮೌನ ಅಂದರೆ ಅಂಗಡಿ ಬಾಗಿಲು ಹಾಕಿಕೊಂಡು ಗಿರಾಕಿ ಬರಲಿ ಅಂತ ಒಳಗೆ ಕೂತ ಹಾಗೆ.

ಇದರ ಲೆಕ್ಕ ಕಿರಾಣಿ ಅಂಗಡಿಯವರಿಗೆ ತಟ್ಟನೆ ಅರ್ಥವಾಗುತ್ತದೆ, ಏಕೆಂದರೆ ಇದು ಚಕ್ರಬಡ್ಡಿಯ ಲೆಕ್ಕ. ಮೇಜಿನ ನಡುವೆ 100 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಮೂರು ಎಲೆ ಬಿದ್ದಾಗ 100 ಕಟ್ಟಿದರು, ಎದುರಾಳಿಯೂ 100 ಕೊಟ್ಟ. ನಡುವೆ ಈಗ 300. ನಾಲ್ಕನೇ ಎಲೆಗೆ 300 ಕಟ್ಟಿದರು, ಅವನೂ ಕೊಟ್ಟ. ನಡುವೆ 900. ಐದನೇ ಎಲೆಗೆ 900. ಅವನು ಅದನ್ನೂ ಕೊಟ್ಟರೆ ಎದುರಾಳಿಯ ಜೇಬಿನಿಂದ ಬಂದದ್ದು 100, 300, 900, ಒಟ್ಟು 1,300.

ಈಗ ಜಾಣತನ ಮಾಡಿ ಮೊದಲೆರಡು ಸಲ ಸುಮ್ಮನಿದ್ದು ಕೊನೆಗೆ 100 ಕಟ್ಟಿದರೆ? ಬರೋದು 100. ಅದೇ ಎಲೆ, ಅದೇ ಎದುರಾಳಿ. ಒಂದು ಕಡೆ 1,300, ಇನ್ನೊಂದು ಕಡೆ 100. ಅರ್ಧರ್ಧವೇ ಕಟ್ಟುತ್ತಾ ಹೋದರೂ ಮೊದಲು 50, ಆಮೇಲೆ 100, ಆಮೇಲೆ 200, ಒಟ್ಟು 350 ಬರುತ್ತದೆ. ಮೊದಲು ಕಟ್ಟದೇ ಬಿಟ್ಟ ಆ 50 ರೂಪಾಯಿಯ ಬೆಲೆ ಕೊನೆಯಲ್ಲಿ ತಿಳಿಯುತ್ತದೆ. ಚೀಟಿ ವ್ಯವಹಾರದಲ್ಲಿ ಮೊದಲ ಕಂತು ತಪ್ಪಿಸಿದವನ ಪಾಡು ಇದೇ ತಾನೇ?

ಇದಕ್ಕೆ ಎದುರಾಳಿ ಪ್ರತಿ ಸಲವೂ ಕೊಡಬೇಕಲ್ಲ ಅನ್ನುವವರು ಉಂಟು. ಸರಿಯಾದ ಪ್ರಶ್ನೆ. ಅದಕ್ಕೆ ಎರಡನೇ ಲೆಕ್ಕ ಬೇಕು.

ಯಾವ ರೇಟಿಗೆ ಮಾರೋದು?

ಐದೂ ಎಲೆ ಬಿದ್ದಾಗಿದೆ. ಗೆಲ್ಲುವುದು ಖಚಿತ. ಈಗ ಎಷ್ಟು ಕಟ್ಟಬೇಕು? 200 ಕಟ್ಟಿದರೆ ಅಂಥ ಎದುರಾಳಿ ಹತ್ತರಲ್ಲಿ ಎಂಟು ಸಲ ಕೊಡುತ್ತಾನೆ ಅಂತಿಟ್ಟುಕೊಳ್ಳಿ. ಹತ್ತು ಸಲಕ್ಕೆ ಬಂದದ್ದು 1,600. 500 ಕಟ್ಟಿದರೆ ನಾಲ್ಕೇ ಸಲ ಕೊಡುತ್ತಾನೆ. ಬಂದದ್ದು 2,000. ದುರಾಸೆಯಿಂದ 1,000 ಕಟ್ಟಿದರೆ ಒಂದೇ ಸಲ. ಬಂದದ್ದು 1,000.

ಹೆಚ್ಚು ಸಲ ಮಾರಾಟವಾದ ರೇಟು ಹೆಚ್ಚು ಲಾಭದ ರೇಟಲ್ಲ. ಅತಿ ದೊಡ್ಡ ರೇಟೂ ಅಲ್ಲ. ನಡುವೆ ಎಲ್ಲೋ ಇದೆ. ಹತ್ತು ಗಿರಾಕಿಗಳಲ್ಲಿ ಆರು ಮಂದಿ 'ಜಾಸ್ತಿಯಾಯ್ತು' ಅಂತ ಎದ್ದು ಹೋದರೂ ಉಳಿದ ನಾಲ್ವರು ಅಂಗಡಿ ನಡೆಸಬಲ್ಲರು. ಜವಳಿ ಅಂಗಡಿಯಲ್ಲಿ ಕೂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅದೇ ಜವಳಿ ಅಂಗಡಿಯವರು ಎಲೆ ಹಿಡಿದು ಕೂತರೆ ಮರೆತುಬಿಡುತ್ತಾರೆ. ಒಳ್ಳೆ ಎಲೆ ಬಂದ ಖುಷಿಗೆ, ಎದುರಿನವನು ಓಡಿಬಿಟ್ಟಾನು ಎಂಬ ಭಯಕ್ಕೆ, ಚಿಲ್ಲರೆ ಕಟ್ಟುತ್ತಾರೆ. ಹತ್ತು ಸಾವಿರದ ಸೀರೆಯನ್ನು ಎರಡು ಸಾವಿರಕ್ಕೆ ಕೊಟ್ಟ ಹಾಗೆ.

ಇನ್ನು ಗಿರಾಕಿಗಳಲ್ಲಿ ನಮೂನೆ ಉಂಟು. ಒಬ್ಬನಿಗೆ ಷೋ ನೋಡದೆ ನಿದ್ದೆ ಬರುವುದಿಲ್ಲ. ಕೈಲಿ ಸಣ್ಣ ಜೋಡಿ ಇದ್ದರೂ 'ಏನಿದೆಯೋ ನೋಡೇಬಿಡೋಣ' ಅನ್ನುವ ಜಾತಿ. ಅಂಥವನ ಮುಂದೆ ನಾಟಕ ದಂಡ. ಒಳ್ಳೆ ಎಲೆ ಬಿದ್ದರೆ ದೊಡ್ಡದಾಗಿ ಕಟ್ಟುವುದು, ಮತ್ತೆ ಕಟ್ಟುವುದು, ಅಷ್ಟೇ. ಇನ್ನೊಬ್ಬ ಅಂಜುಬುರುಕ. ದೊಡ್ಡ ಬಾಜಿ ಕಂಡರೆ ಪ್ಯಾಕ್. ಅವನಿಗೆ ಸಣ್ಣ ಸಣ್ಣ ಕಂತು. ಮೂರನೆಯವನು ಹುಂಬ. ಯಾರಾದರೂ ಸುಮ್ಮನಿದ್ದರೆ ಸಾಕು, ತಾನೇ ನುಗ್ಗುತ್ತಾನೆ. ಚಾನ್ ಮಾಡಿದ ಹಾಗೆ ಹಗ್ಗ ಸಡಿಲ ಬಿಡಬೇಕಾದದ್ದು ಇವನಿಗೆ ಮಾತ್ರ. ಮೂವರಿಗೂ ಒಂದೇ ಮದ್ದು ಕೊಡುವವನು ವೈದ್ಯನಲ್ಲ.

ಇದರ ಜೊತೆಗೆ ಇನ್ನೊಂದು ಎಚ್ಚರ. ಬಾಜಿ ಕಟ್ಟುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ 'ನನ್ನ ಎಲೆ ದೊಡ್ಡದೇ?' ಎಂಬುದಲ್ಲ. 'ನನಗಿಂತ ಚಿಕ್ಕ ಎಲೆ ಹಿಡಿದವರು ಯಾರಾದರೂ ಈ ದುಡ್ಡು ಕೊಟ್ಟಾರೇ?' ಎಂಬುದು. ಚಿಕ್ಕ ಎಲೆಯವರೆಲ್ಲ ಪ್ಯಾಕ್ ಮಾಡಿ, ದೊಡ್ಡ ಎಲೆಯವನೊಬ್ಬನೇ ಕೊಡುವ ಹಾಗಿದ್ದರೆ ಆ ಬಾಜಿಯಿಂದ ಲಾಭ ಎಲ್ಲಿ ಬಂತು?

ಪುಕ್ಕಟೆ ಎಲೆ ಎಂಬ ಉದ್ರಿ

ಸುಮ್ಮನಿರುವವರು ಮರೆಯುವ ಇನ್ನೊಂದು ಖರ್ಚಿದೆ. ಅದು ಉದ್ರಿ ಖರ್ಚು. ಎದುರಾಳಿ ಕೈಲಿ ಎರಡು ಆಟೀನು, ಮೇಜಿನ ಮೂರು ಎಲೆಯಲ್ಲಿ ಎರಡು ಆಟೀನು. ಇನ್ನೊಂದು ಆಟೀನು ಬಿದ್ದರೆ ಅವನಿಗೆ ಐದೂ ಒಂದೇ ಬಣ್ಣ. ಆಗ ಸೀಕ್ವೆನ್ಸ್ ಹಿಡಿದವನೂ ಮಣ್ಣು ಮುಕ್ಕಬೇಕು. ಕಣ್ಣಿಗೆ ಕಾಣದ 47 ಎಲೆಗಳಲ್ಲಿ 9 ಆಟೀನು ಉಳಿದಿವೆ. ಅಂದರೆ ಮುಂದಿನ ಎಲೆಗೇ ಅದು ಬೀಳುವ ಸಂಭವ ನೂರಕ್ಕೆ 19. ಉಳಿದ ಎರಡೂ ಎಲೆ ಸೇರಿಸಿದರೆ ನೂರಕ್ಕೆ 35.

ಈ ಎದುರಾಳಿಯ ಮುಂದೆ ಚೆಕ್ ಅಂದರೆ ಅವನಿಗೆ ಮುಂದಿನ ಎಲೆ ಪುಕ್ಕಟೆ ಕೊಟ್ಟ ಹಾಗೆ. ಬಿದ್ದರೆ ಗೆದ್ದ, ಬೀಳದಿದ್ದರೆ ಅವನ ಗಂಟೇನೂ ಹೋಗಲಿಲ್ಲ. ಅದೇ ನಡುವಿನ ದುಡ್ಡಿನಷ್ಟೇ ಬಾಜಿ ಕಟ್ಟಿದರೆ ಅವನು ಮೂರರಲ್ಲಿ ಒಂದು ಸಲವಾದರೂ ಗೆದ್ದರೆ ಮಾತ್ರ ಸರಿಸಮ. ಅರ್ಧ ಕಟ್ಟಿದರೂ ನಾಲ್ಕರಲ್ಲಿ ಒಂದು ಸಲ ಬೇಕು. ಮುಂದಿನ ಎಲೆಗೆ ಅವನಿಗಿರುವುದು ಐದರಲ್ಲಿ ಒಂದು ಸಲವೂ ಇಲ್ಲ. ಆಸೆಗೆ ಬಿದ್ದು ಕೊಟ್ಟರೆ ಅವನದೇ ನಷ್ಟ. ಬಯಕೆ ಇದ್ದವನಿಗೆ ಬೆಲೆ ಹಚ್ಚದೆ ಬಿಡುವುದೆಂದರೆ 'ಉದ್ರಿ ಕೇಳಬೇಡಿ' ಎಂಬ ಬೋರ್ಡಿನ ಕೆಳಗೇ ಕೂತು ಉದ್ರಿ ಬರೆದುಕೊಂಡ ಹಾಗೆ.

ಎಕ್ಕದ ಜೋಡಿಯ ಕತೆಯೂ ಇದೇ. ಎರಡು ಎಕ್ಕ ಕೈಗೆ ಬರುವುದು 221 ಸಲಕ್ಕೆ ಒಂದು ಸಲ. ಒಬ್ಬನೇ ಎದುರಾಳಿ ಯಾವುದೋ ಎಲೆ ಹಿಡಿದು ಕೊನೆಯವರೆಗೆ ನಿಂತರೆ ಎಕ್ಕದ ಜೋಡಿ ನೂರರಲ್ಲಿ ಸುಮಾರು 85 ಸಲ ಗೆಲ್ಲುತ್ತದೆ. ಒಂಬತ್ತು ಮಂದಿ ನಿಂತರೆ? ಸುಮಾರು 31 ಸಲ ಮಾತ್ರ. ಎಲ್ಲರನ್ನೂ ಅಗ್ಗವಾಗಿ ಒಳಗೆ ಬಿಟ್ಟುಕೊಂಡು, ಆಮೇಲೆ ಯಾರೋ ಆರು ಏಳು ಹಿಡಿದವನು ಹೊಡೆದುಕೊಂಡು ಹೋದ ಅಂತ ಹಣೆ ಚಚ್ಚಿಕೊಂಡರೆ ತಪ್ಪು ಎಕ್ಕದ್ದಲ್ಲ. ಮೊದಲೇ ಏರಿಸಿ ಬಾಗಿಲಲ್ಲಿ ಟಿಕೇಟು ಇಡಬೇಕಿತ್ತು.

ಹೆಸರೂ ಒಂದು ಬಂಡವಾಳ

ಒಳ್ಳೆ ಎಲೆ ಬಿದ್ದಾಗ ಮಾತ್ರ ಕಟ್ಟುವವನಿಗೆ ಇನ್ನೊಂದು ತೊಂದರೆ. ಎರಡು ಸಲ ನೋಡಿದ ಮೇಲೆ ಮೂರನೇ ಸಲ ಯಾರೂ ಕೊಡುವುದಿಲ್ಲ. 'ಆ ಯಪ್ಪ ಕಟ್ಟಿದ ಅಂದ್ರೆ ಇದೆ ಅಂತಲೇ ಲೆಕ್ಕ' ಅಂತ ಎಲ್ಲರೂ ಪ್ಯಾಕ್. ಎಕ್ಕದ ಜೋಡಿ ಹಿಡಿದು ಚಿಲ್ಲರೆ ಕಾಸು ಬಾಚಿಕೊಳ್ಳಬೇಕು.

ಇದನ್ನು ಚೆನ್ನಾಗಿ ಅರಿತವನು ಟೆಕ್ಸಾಸಿನ ಡಾಯ್ಲ್ ಬ್ರನ್ಸನ್. 1976, 1977 ಎರಡು ವರ್ಷವೂ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಎರಡೂ ಸಲ ಕೊನೆಯ ಕೈಯಲ್ಲಿ ಹಿಡಿದಿದ್ದದ್ದು ಹತ್ತು ಮತ್ತು ಎರಡು, ಅಂಥಾ ದರಿದ್ರ ಎಲೆ! ಆತ ಮೇಜಿನಲ್ಲಿ ಸುಮ್ಮನೆ ಕೂರುವ ಜಾಯಮಾನದವನಲ್ಲ. ಎಲೆ ಇರಲಿ ಬಿಡಲಿ, ನುಗ್ಗಿ ನುಗ್ಗಿ ಕಟ್ಟುತ್ತಿದ್ದ. ಹಾಗಾಗಿ ನಿಜವಾಗಿ ದೊಡ್ಡ ಎಲೆ ಬಿದ್ದ ದಿನ ಯಾರೂ ನಂಬುತ್ತಿರಲಿಲ್ಲ, ನಂಬದೆ ದುಡ್ಡು ಕೊಡುತ್ತಿದ್ದರು. 2023ರಲ್ಲಿ ತೀರಿಕೊಂಡ ಬ್ರನ್ಸನ್‌ನ ಆಟವನ್ನು ಪೋಕರ್ ಮಂದಿ ಈಗಲೂ ನೆನೆಯುತ್ತಾರೆ.

ಎಷ್ಟು ಸಲ ನಿಜ, ಎಷ್ಟು ಸಲ ಬೊಗಳೆ? ಇದಕ್ಕೂ ಲೆಕ್ಕ ಇದೆ. ಕೊನೆಯ ಎಲೆ ಬಿದ್ದ ಮೇಲೆ ನಡುವಿನ ದುಡ್ಡಿನಷ್ಟೇ ಬಾಜಿ ಕಟ್ಟುವವನು ಮೂರರಲ್ಲಿ ಎರಡು ಸಲ ನಿಜವಾದ ಎಲೆ ಇಟ್ಟುಕೊಂಡು, ಒಂದು ಸಲ ಬರಿಗೈಯಲ್ಲಿ ಕಟ್ಟಿದರೆ ಎದುರಾಳಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಯಾವ ದಾರಿ ಹಿಡಿದರೂ ಲಾಭವಿಲ್ಲ. ಟವೆಲ್ಲಿನ ಕೆಳಗೆ ಬೆರಳು ಎಷ್ಟು ತಡಕಿದರೂ ಅವನಿಗೆ ಏನೂ ತಿಳಿಯುವುದಿಲ್ಲ.

ಇಂಥ ಲೆಕ್ಕವನ್ನು ಕಂಪ್ಯೂಟರ್ ಮಾಡಿದರೆ ಏನಾದೀತು ಎಂಬುದೂ ಗೊತ್ತಾಗಿದೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕಟ್ಟಿದ 'ಲಿಬ್ರಾಟಸ್' ಎಂಬ ಯಂತ್ರ ನಾಲ್ವರು ವೃತ್ತಿಪರರ ಎದುರು 20 ದಿನ, 1,20,000 ಕೈ ನೋ ಲಿಮಿಟ್ ಆಡಿತು. ಕೊನೆಗೆ 17 ಲಕ್ಷ ಡಾಲರಿಗೂ ಮೇಲ್ಪಟ್ಟ ಬಿಲ್ಲೆಗಳಷ್ಟು ಮುಂದಿತ್ತು. ಮನುಷ್ಯರು ಸಾಮಾನ್ಯವಾಗಿ ಕಟ್ಟದ, ನಡುವಿನ ದುಡ್ಡಿನ ಎಷ್ಟೋ ಪಟ್ಟು ದೊಡ್ಡ ಬಾಜಿಯನ್ನು ಅದು ಅಳುಕಿಲ್ಲದೆ ಕಟ್ಟುತ್ತಿತ್ತು. ಕೆಲವು ಸಲ ನಿಜ, ಕೆಲವು ಸಲ ಬೊಗಳೆ. ಯಂತ್ರಕ್ಕೆ ಹಣೆಯಲ್ಲಿ ಬೆವರು ಬರುವುದಿಲ್ಲ, ಕೈ ನಡುಗುವುದಿಲ್ಲ, ಮನೆಯಲ್ಲಿ ಹೆಂಡತಿ ಕಾಯುತ್ತಿರುವುದಿಲ್ಲ.

ಕೊಟ್ಟವನು ಯಾರು?

ಇಲ್ಲಿಯವರೆಗೆ ಓದಿದವರಿಗೆ 'ಇಷ್ಟೇನಾ! ನಾಳೆಯಿಂದ ಹೀಗೇ ಆಡಿದರಾಯ್ತು' ಅಂತ ಅನ್ನಿಸಿದ್ದರೆ ಒಂದು ನಿಮಿಷ ನಿಲ್ಲಬೇಕು. ಈ ವಿದ್ಯೆಯ ಬುಡದಲ್ಲಿ ಒಂದು ಮಾತು ಅಡಗಿದೆ. ದೊಡ್ಡ ಎಲೆಯಿಂದ ದುಡ್ಡು ಹುಟ್ಟುವುದಿಲ್ಲ. ಎರಡನೇ ದೊಡ್ಡ ಎಲೆ ಹಿಡಿದವನ ಜೇಬಿನಿಂದ ಬರುತ್ತದೆ. ಸೀಡೆಲ್ ಕೈಲಿ ರಾಣಿಯ ಜೋಡಿ ಇಲ್ಲದೆ ಕಸ ಇದ್ದಿದ್ದರೆ ಅಷ್ಟು ಧೈರ್ಯವಾಗಿ ಪೂರಾ ದುಡ್ಡು ತಳ್ಳುತ್ತಿದ್ದನೇ? ಆತನನ್ನು ಕೆಡವಿದ್ದು ಕೆಟ್ಟ ಎಲೆಯಲ್ಲ, ಸಾಕಷ್ಟು ಒಳ್ಳೆಯ ಎಲೆ.

ಊರಿನ ಆಟದಲ್ಲಿ ಮನೆ ಹಾಳಾಗುವುದೂ ಹೀಗೆಯೇ. ತೀರಾ ಕೆಟ್ಟ ಎಲೆ ಬಂದವನು ಪ್ಯಾಕ್ ಮಾಡಿ ಬೀಡಿ ಹಚ್ಚುತ್ತಾನೆ. ತಕ್ಕಮಟ್ಟಿಗೆ ಒಳ್ಳೆಯದು ಬಂದವನೇ ಗಲ್ಲಾ ದುಡ್ಡಿಗೆ ಕೈ ಹಾಕುತ್ತಾನೆ. 'ಇಷ್ಟು ಒಳ್ಳೆ ಎಲೆ ಬಿಟ್ಟು ಏಳೋಕಾಗುತ್ತಾ?' ಎಂಬ ಒಂದು ಮಾತಿಗೆ ಎಷ್ಟು ಬೈಕು, ಎಷ್ಟು ಚಿನ್ನ ಅಡವಿಗೆ ಹೋಗಿಲ್ಲ?

ಇದರ ಮೇಲೆ ಅಡ್ಡೆಯವನ ಪಾಲು ಬೇರೆ. ಎಂಟು ಜನ ತಲಾ ಸಾವಿರದಂತೆ ತಂದು ಕೂತರು. ಒಟ್ಟು 8,000. ಪ್ರತಿ ಸಾವಿರದ ಆಟಕ್ಕೆ ನೂರಕ್ಕೆ ಐದರಂತೆ 50 ರೂಪಾಯಿ ಜಾಗದವನಿಗೆ ಅಂತಿಟ್ಟುಕೊಳ್ಳಿ. ಅಂಥ 80 ಆಟ ಮುಗಿಯುವ ಹೊತ್ತಿಗೆ 4,000 ಅವನ ಡಬ್ಬಿಗೆ. ಎಂಟು ಜನರೂ ಸಮಸಮ ಆಡಿದ್ದರೆ ಎಂಟು ಜನರೂ ಅರ್ಧರ್ಧ ಸೋತು ಏಳಬೇಕು. ಗೆದ್ದವನು ಎಲ್ಲಿ? ಒಂದೂ ಎಲೆ ಮುಟ್ಟದೆ ಟೀ ತರಿಸಿ ಕೊಟ್ಟವನೇ ಗೆದ್ದವನು. ಅವನ ಕೈಲಿ ಯಾವಾಗಲೂ ಸೋಲದ ಎಲೆ.

ಕಾನೂನೂ ಈ ಆಟದ ಹಿಂದೆ ಓಡಿ ಓಡಿ ಸುಸ್ತಾಗಿದೆ. 1968ರ ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕುಶಲತೆಯ ಆಟ ಎಂದಿತು, ಮೂರೆಲೆಯನ್ನು ಬರೀ ಅದೃಷ್ಟದ್ದು ಎಂದಿತು. ಪೋಕರ್ ಎರಡರ ನಡುವೆ ನಿಂತು ಎರಡೂ ಕಡೆಯಿಂದ ಎಳೆದಾಟಕ್ಕೆ ಸಿಕ್ಕಿತು. ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕುಶಲತೆ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಆನ್‌ಲೈನ್ ಹಣದ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಮೊಬೈಲ್ ತೆರೆದರೆ ಸಾಕು ಎದುರಾಗುತ್ತಿದ್ದ ಎಷ್ಟೋ ದೊಡ್ಡ ಕಂಪನಿಗಳು ಆಗ ದುಡ್ಡಿನ ಆಟ ನಿಲ್ಲಿಸಿದವು.

ಕುಶಲತೆಯೋ ಅದೃಷ್ಟವೋ ಎಂಬ ವಾದದಲ್ಲಿ ಒಂದು ತಮಾಷೆ ಇದೆ. ಪೋಕರ್ ಕುಶಲತೆಯ ಆಟ ಅಂತ ಒಪ್ಪಿಕೊಂಡರೆ ಕುಶಲತೆ ಇಲ್ಲದವನಿಗೆ ಅದು ಇನ್ನೂ ಅಪಾಯ. ಬರೀ ಅದೃಷ್ಟದ ಆಟವಾಗಿದ್ದರೆ ದಡ್ಡನೂ ಎಂದೋ ಒಂದು ದಿನ ಸರಿಸಮವಾದಾನು. ಲೆಕ್ಕ ಬಲ್ಲವನ ಎದುರು ಲೆಕ್ಕ ಬಾರದವನು ಕೂತರೆ ಎಷ್ಟು ಹೆಚ್ಚು ಆಡುತ್ತಾನೋ ಅಷ್ಟು ಖಚಿತವಾಗಿ ಸೋಲುತ್ತಾನೆ. ಅವನ ಕೈಗೂ ಎಕ್ಕ ಬೀಳುತ್ತದೆ. ಆದರೆ ಅವನ ಎಕ್ಕಕ್ಕೆ 100, ಎದುರಿನವನ ಎಕ್ಕಕ್ಕೆ 1,300.

ಅಂದಹಾಗೆ ಸೀಡೆಲ್ ಏನಾದ? ಸೋತು ಮೂಲೆ ಸೇರಲಿಲ್ಲ. ಸೋತ ಕೈಯನ್ನೇ ಜಗತ್ತು ಸಿನಿಮಾದಲ್ಲಿ ನೋಡಿ ನಕ್ಕರೂ ಆತ ಕೂತು ಕಲಿತ. 1992ರಲ್ಲಿ ವಿಶ್ವ ಸರಣಿಯ ಮೊದಲ ಪದಕದ ಕಡಗ ಗೆದ್ದ. 2023ರಲ್ಲಿ ಹತ್ತನೆಯದು. ಚಾನ್ ಬಳಿ ಇದ್ದದ್ದೂ ಹತ್ತೇ. ಚಾನ್ 1989ರಲ್ಲಿ ಮೂರನೇ ವರ್ಷವೂ ಮುಖ್ಯ ಪಂದ್ಯದ ಕೊನೆಯ ಇಬ್ಬರಲ್ಲಿ ಒಬ್ಬನಾಗಿ, 24 ವರ್ಷದ ಫಿಲ್ ಹೆಲ್‌ಮ್ಯೂತ್ ಎಂಬ ಹುಡುಗನಿಗೆ ಸೋತ. ಎಲೆ ಯಾರ ಅಪ್ಪನ ಮನೆ ಆಸ್ತಿಯೂ ಅಲ್ಲ.

ಆದರೆ ಸೀಡೆಲ್‌ಗೆ ಅದೇ ಕಸುಬಾಗಿತ್ತು, ಸೋತ ದಿನವೂ 2,80,000 ಡಾಲರ್ ಜೇಬಿನಲ್ಲಿತ್ತು. ಕೊನೇ ಬಸ್ಸು ತಪ್ಪಿಸಿಕೊಂಡು ಅಡ್ಡೆಯ ಮೆಟ್ಟಿಲಿಳಿಯುವವನ ಜೇಬಿನಲ್ಲಿ ಏನಿರುತ್ತದೆ?

ದನಗಳ ಜಾತ್ರೆಯಲ್ಲಿ ಟವೆಲ್ಲು ತೆಗೆದ ಮೇಲೆ ಒಬ್ಬ ಎತ್ತು ಹೊಡೆದುಕೊಂಡು ಹೋಗುತ್ತಾನೆ, ಇನ್ನೊಬ್ಬ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ರೇಟಿನಲ್ಲಿ ಯಾಮಾರಿದವನಿಗೂ ಕೊಟ್ಟಿಗೆಯಲ್ಲಿ ಎತ್ತಾದರೂ ಉಳಿಯುತ್ತದೆ. ಇಸ್ಪೀಟಿನ ಮೇಜಿನಲ್ಲಿ ಟವೆಲ್ಲು ತೆಗೆದರೆ ಒಬ್ಬನ ಕೈಲಿ ಎಲ್ಲ, ಇನ್ನೊಬ್ಬನ ಕೈಲಿ ಬರೀ ಟವೆಲ್ಲು. ಅದನ್ನು ಹೆಗಲಿಗೆ ಹಾಕಿಕೊಳ್ಳುವುದೋ, ತಲೆಗೆ ಹಾಕಿಕೊಳ್ಳುವುದೋ ಅನ್ನೋದಷ್ಟೇ ಅವನಿಗೆ ಉಳಿದ ಆಟ.